ತುಂಬಿದ ತುಂಗಭದ್ರೆ, ಅಣೆಕಟ್ಟಿನ ಲೆಕ್ಕ

ಎಮ್ಮಿಗನೂರು ಸೀಮೆಯ ನಮಗೆ ತುಂಗಭದ್ರೆ ಎರಡು ದಾರಿಯಲ್ಲಿ ಬರುತ್ತಾಳೆ. ಒಂದು, ಕೋಸಿಗಿ, ಮಂತ್ರಾಲಯ, ನಂದವರಂ ಮಂಡಲಗಳ ಅಂಚಿನಲ್ಲಿ ಹರಿಯುವ ನದಿ. ಇನ್ನೊಂದು, ಹೊಸಪೇಟೆಯ ಅಣೆಕಟ್ಟಿನಿಂದ ಬಳ್ಳಾರಿ ಸೀಮೆ ದಾಟಿ ಬರುವ ಕೆಳಮಟ್ಟದ ಕಾಲುವೆ. ನಮ್ಮ ಜನರ ಬಾಯಲ್ಲಿ ಅದು ಎಲ್‌ಎಲ್‌ಸಿ. ಕಾಲುವೆಗೆ ನೀರು ಬರಲಿಲ್ಲವೆಂದು ಕಾಯುವವರೂ ನಾವೇ, ನದಿಗೆ ನೀರು ಹೆಚ್ಚಾಯಿತೆಂದು ಗಂಟುಮೂಟೆ ಕಟ್ಟುವವರೂ ನಾವೇ. ಆದ್ದರಿಂದ ಅಣೆಕಟ್ಟಿನಲ್ಲಿ ಎಷ್ಟು ನೀರು ನಿಲ್ಲಿಸಬೇಕು, ಯಾವಾಗ ಬಿಡಬೇಕು ಎಂಬುದು ನಮ್ಮ ಮನೆಯ ಮಾತೂ ಹೌದು.

1945ರಲ್ಲಿ ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳು ಕೂಡಿ ಈ ಅಣೆಕಟ್ಟಿಗೆ ಅಡಿಗಲ್ಲು ಹಾಕಿದಾಗ ಆದೋನಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಎಮ್ಮಿಗನೂರು ಅದರೊಳಗಿನ ಊರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು, ಬಳ್ಳಾರಿ ಹೊಸಪೇಟೆಗಳು ಮೈಸೂರಿಗೆ ಹೋದವು. ಕಾಲುವೆಗೆ ಮೊದಲ ನೀರು ಹರಿದದ್ದೂ ಅದೇ ವರ್ಷ. ಹೀಗೆ ಅಣೆಕಟ್ಟು ಒಂದು ರಾಜ್ಯದಲ್ಲಿ, ಕಾಲುವೆಯ ಕೊನೆ ಇನ್ನೊಂದರಲ್ಲಿ ಉಳಿಯಿತು. ನೀರು ಹಂಚುವ ಕೆಲಸಕ್ಕೆ ತುಂಗಭದ್ರಾ ಮಂಡಳಿ ಬಂತು.

ಈ ಅಣೆಕಟ್ಟಿನ ಪೂರ್ಣಮಟ್ಟ 1633 ಅಡಿ. ಮೇಲೆ 33 ಗೇಟುಗಳು, ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ 105 ಟಿಎಂಸಿಯ ಆಸುಪಾಸಿಗೆ ಇಳಿದಿದೆ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಸೆಕೆಂಡಿಗೆ ಒಂದು ಘನ ಅಡಿ ಹರಿದರೆ ಒಂದು ಕ್ಯೂಸೆಕ್. ಒಂದು ದಿನಕ್ಕೆ 86,400 ಸೆಕೆಂಡುಗಳು. ಆದ್ದರಿಂದ ಸುಮಾರು 11,574 ಕ್ಯೂಸೆಕ್ ಒಂದು ದಿನವಿಡೀ ಹರಿದರೆ ಒಂದು ಟಿಎಂಸಿ. ಎಂಟನೇ ತರಗತಿಯ ಮಕ್ಕಳು ಈ ಲೆಕ್ಕವನ್ನು ಬೇಗ ಮಾಡುತ್ತಾರೆ. ಅದು ತಿಳಿದ ಮೇಲೆ ಪತ್ರಿಕೆಯ ಪ್ರವಾಹದ ಸುದ್ದಿ ಬೇರೆಯೇ ಆಗಿ ಕಾಣುತ್ತದೆ.

ಈಗ 2009ಕ್ಕೆ ಬರೋಣ. ಆ ವರ್ಷ ಮುಂಗಾರು ಮೊದಲು ಕೈಕೊಟ್ಟಿತ್ತು. ಬರಗಾಲದ ಮಾತು ನಡೆದಿತ್ತು. ಸೆಪ್ಟೆಂಬರ್ ಕೊನೆಗೆ ಬಂದ ಮಳೆ ಮಾತ್ರ ರಾಯಚೂರು, ಬಳ್ಳಾರಿ, ಕರ್ನೂಲು ಸೀಮೆಯನ್ನೆಲ್ಲ ಮುಳುಗಿಸುವಂತೆ ಸುರಿಯಿತು. ಇಲ್ಲಿ ಒಂದು ವಿಷಯ ಗಮನಿಸಬೇಕು. ಹೊಸಪೇಟೆಯ ಅಣೆಕಟ್ಟು ತನ್ನ ಮೇಲುಭಾಗದ ನೀರನ್ನು ಮಾತ್ರ ತಡೆಯಬಲ್ಲದು. ಹಗರಿ ನದಿ ಸೇರುವುದು ಅಣೆಕಟ್ಟಿನ ಕೆಳಗೆ. ಅದರ ಕೆಳಗಿನ ಹಳ್ಳಗಳೆಲ್ಲ ನೇರವಾಗಿ ನದಿಗೇ ಬೀಳುತ್ತವೆ. ಅಲ್ಲಿ ಸುರಿದ ಮಳೆಯನ್ನು ಹಿಡಿಯಲು ಯಾವ ಗೇಟೂ ಇಲ್ಲ. ಮಂತ್ರಾಲಯದಲ್ಲಿ ರಾಯರ ಮಠದೊಳಕ್ಕೆ ನೀರು ನುಗ್ಗಿತು, ಭಕ್ತರು ಸಿಕ್ಕಿಹಾಕಿಕೊಂಡರು. ನದಿದಂಡೆಯ ಹಳ್ಳಿಗಳ ಮಣ್ಣಿನ ಗೋಡೆಗಳು ಕರಗಿದವು. ಸುಂಕೇಸುಲದ ಬ್ಯಾರೇಜೂ ಹಾನಿಗೊಂಡಿತು. ನಮ್ಮ ಗೋನೆಗಂಡ್ಲದ ಹತ್ತಿರದ ಗಾಜುಲದಿನ್ನೆ ಜಲಾಶಯ ಇರುವ ಹಂದ್ರಿ ನದಿಯೂ ಉಕ್ಕಿ ಕರ್ನೂಲು ಊರಲ್ಲೇ ತುಂಗಭದ್ರೆಯನ್ನು ಕೂಡುತ್ತದೆ. ಅಕ್ಟೋಬರ್ 2ರಂದು ಕರ್ನೂಲು ಮುಳುಗಿತು.

ಅದರ ಕೆಳಗೆ ಶ್ರೀಶೈಲ. ಅಲ್ಲಿಯ ಪೂರ್ಣಮಟ್ಟ 885 ಅಡಿ. ಆ ದಿನಗಳಲ್ಲಿ ನೀರು 896 ಅಡಿಯನ್ನೂ ದಾಟಿತು. ಒಳಹರಿವು ಏರಿದ ಗಳಿಗೆಯಲ್ಲಿ ಸುಮಾರು 25 ಲಕ್ಷ ಕ್ಯೂಸೆಕ್. ಮೇಲಿನ ಲೆಕ್ಕ ಹಾಕಿ ನೋಡಿ: ಆ ವೇಗದಲ್ಲಿ ಒಂದು ದಿನ ಹರಿದರೆ 216 ಟಿಎಂಸಿ. ಬರಿದಾದ ಶ್ರೀಶೈಲ ಒಂದೇ ದಿನದಲ್ಲಿ ತುಂಬುತ್ತದೆ! ಆದರೆ ಜಲಾಶಯ ಬರಿದಾಗಿರಲಿಲ್ಲ. ಮೊದಲೇ ಮಟ್ಟ ಇಳಿಸಿ ಜಾಗ ಮಾಡಿಕೊಂಡಿದ್ದರೆ ಕರ್ನೂಲು ಇಷ್ಟು ಮುಳುಗುತ್ತಿತ್ತೇ ಎಂದು ಆಮೇಲೆ ಬಹಳ ವಾದ ನಡೆಯಿತು. ನಮಗೆ ಅನ್ನಿಸುವುದು ಇಷ್ಟು: ಮಳೆಗಾಲದ ಕೊನೆಯ ವಾರದಲ್ಲಿ ಗೇಟು ತೆರೆದು ನೀರು ಬಿಟ್ಟು, ಆಮೇಲೆ ಮಳೆ ಬಾರದಿದ್ದರೆ, ಆ ಅಧಿಕಾರಿಯನ್ನು ಬೈಯುವವರೂ ಇದೇ ಜನ. ಬರ ಕಂಡ ವರ್ಷದಲ್ಲಂತೂ ತುಂಬಿದ ಜಲಾಶಯವನ್ನು ಖಾಲಿ ಮಾಡಲು ಯಾರಿಗೆ ಕೈ ಬರುತ್ತದೆ? ಹಾಗೆಂದು ವಾದವನ್ನು ಸುಳ್ಳೆನ್ನಲಾಗದು. ಮುಳುಗಿದ ಮನೆಯವರಿಗೆ ಕೇಳುವ ಹಕ್ಕಿದೆ.

ಇದರ ತಿರುಗುಮುರುಗು ಕಥೆ 2024ರದು. ಆಗಸ್ಟ್ 10ರ ರಾತ್ರಿ ತುಂಬಿ ನಿಂತಿದ್ದ ಹೊಸಪೇಟೆಯ ಅಣೆಕಟ್ಟಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಭಾರ ಇಳಿಸಲು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ನದಿದಂಡೆಯ ನಮ್ಮ ಹಳ್ಳಿಗಳಿಗೆ ಎಚ್ಚರಿಕೆ ಬಂತು. ಆಂಧ್ರದ ಗೇಟು ತಜ್ಞರಾದ ಹಿರಿಯ ಎಂಜಿನಿಯರ್ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಉಕ್ಕಿನ ತಡೆಹಲಗೆಗಳನ್ನು ಒಂದರ ಮೇಲೊಂದು ಇಳಿಸಿದರು. ಆಗಸ್ಟ್ 17ಕ್ಕೆ ಬಾಯಿ ಮುಚ್ಚಿತು. ಅಷ್ಟರಲ್ಲಿ ಮೂವತ್ತು ಟಿಎಂಸಿಗೂ ಹೆಚ್ಚು ನೀರು ಹೋಗಿತ್ತು. ಅದೃಷ್ಟಕ್ಕೆ ಮತ್ತೆ ಮಳೆ ಬಂದು ಜಲಾಶಯ ತುಂಬಿಕೊಂಡಿತು.

ಎಪ್ಪತ್ತು ವರ್ಷ ದುಡಿದ ಮಿಕ್ಕ ಗೇಟುಗಳನ್ನೂ ನಂಬುವಂತಿರಲಿಲ್ಲ. ಆದ್ದರಿಂದ 2025ರ ಮಳೆಗಾಲದಲ್ಲಿ ಮೇಲಿನಿಂದ ಧಾರಾಳವಾಗಿ ನೀರು ಬಂದರೂ 80 ಟಿಎಂಸಿಗೆ ನಿಲ್ಲಿಸಿ ಉಳಿದದ್ದನ್ನು ನದಿಗೆ ಬಿಟ್ಟರು. ಗೇಟು ಬದಲಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರಿಲ್ಲವೆಂದು ತೀರ್ಮಾನವಾಯಿತು. ಕಾಲುವೆಯ ಕೊನೆಯ ಹೊಲದ ರೈತನಿಗೆ, ಆ ವರ್ಷ ಕಣ್ಣೆದುರೇ ನದಿ ತುಂಬಿ ಹರಿದುಹೋಗಿತ್ತು.