ಮೂರು ದಿನವೂ ಮೂವತ್ತಾರು ವರ್ಷವೂ

ಕೆಲವು ತಿಂಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಮಾತನಾಡಿದ. ಅವನ ಹೆಸರು, ಊರು ಇಲ್ಲಿ ಬೇಕಿಲ್ಲ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವನ ಮಗ ಕೊಕೇನಿನ ಚಟಕ್ಕೆ ಬಿದ್ದಿದ್ದ. ಮನೆಯಲ್ಲಿ ತಿಳಿದು, ಅಳು ರಂಪಗಳೆಲ್ಲ ಮುಗಿದು, ಹುಡುಗ ಬಿಡುತ್ತೇನೆಂದು ಮಾತು ಕೊಟ್ಟಿದ್ದ. ವಾರ ಕಳೆದ ಮೇಲೆ ಮೂತ್ರಪರೀಕ್ಷೆ ಮಾಡಿಸಿದ್ದರು. "ಸಾರ್, ವರದಿ ಬಂತು. ಏನೂ ಇಲ್ಲ ಅಂತ ಬರೆದಿದ್ದಾರೆ. ಮೈಯಿಂದ ಪೂರ್ತಿ ಹೋಯಿತು. ಇನ್ನು ಗುಣವಾದ ಹಾಗೇ ಅಲ್ಲವೇ?" ಎಂದು ಕೇಳಿದ. ಅವನ ದನಿಯಲ್ಲಿದ್ದ ನೆಮ್ಮದಿಯನ್ನು ಕೆಡಿಸಲು ಮನಸ್ಸಾಗದೆ, "ಒಳ್ಳೆಯದಾಗಲಪ್ಪಾ" ಎಂದಷ್ಟೇ ಹೇಳಿದೆ. ಎರಡು ತಿಂಗಳ ಬಳಿಕ ಅವನೇ ಮತ್ತೆ ಕರೆ ಮಾಡಿದ. "ಮತ್ತೆ ಶುರುಮಾಡಿದ್ದಾನೆ ಸಾರ್. ನಮಗೆಲ್ಲ ಮೋಸ ಮಾಡಿಬಿಟ್ಟ."

ನಾನು ವೈದ್ಯನಲ್ಲ, ಮೂವತ್ತು ವರ್ಷ ಇತಿಹಾಸ ಪಾಠ ಹೇಳಿದವನು. ಆದರೆ ಮೊದಲ ಸಲ ನಾನು ಸುಮ್ಮನಿದ್ದುದು ತಪ್ಪಾಯಿತೆಂದು ಅನ್ನಿಸಿತು. ಆದುದರಿಂದ ಅಂದು ಅವನಿಗೆ ಒಬ್ಬ ಶಸ್ತ್ರವೈದ್ಯನ ಕಥೆ ಹೇಳಿದೆ. ಅದನ್ನೇ ತುಸು ವಿಸ್ತರಿಸಿ ಇಲ್ಲಿ ಬರೆದಿದ್ದೇನೆ.

ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಪ್ರಾಂತದ ಜನರು ಸಾವಿರಾರು ವರ್ಷಗಳಿಂದ ಕೋಕಾ ಎಲೆಯನ್ನು ಅಗಿಯುತ್ತ ಬಂದವರು. ನಮ್ಮವರು ವೀಳ್ಯದೆಲೆಗೆ ಸುಣ್ಣ ಹಚ್ಚುವಂತೆ ಅವರೂ ಎಲೆಯೊಡನೆ ಸುಣ್ಣವನ್ನೋ ಬೂದಿಯನ್ನೋ ಬೆರೆಸಿಕೊಳ್ಳುವುದುಂಟು. ಎಲೆಯಲ್ಲಿರುವ ಸಾರ ಬಹು ಸ್ವಲ್ಪ. ಅದು ರಕ್ತಕ್ಕೆ ಇಳಿಯುವುದೂ ನಿಧಾನ. 1860ರಲ್ಲಿ ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾನಿಲಯದ ಆಲ್ಬರ್ಟ್ ನೀಮನ್ ಎಂಬ ತರುಣ ರಸಾಯನಶಾಸ್ತ್ರಜ್ಞ ಆ ಸಾರವನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದ ವಿವರವನ್ನು ಪ್ರಕಟಿಸಿ, ಅದಕ್ಕೆ ಕೊಕೇನ್ ಎಂದು ಹೆಸರಿಟ್ಟ. ಎಲೆಯ ಜೊತೆಗಿದ್ದ ನಿಧಾನ ಅಲ್ಲಿಗೆ ಮುಗಿಯಿತು.

1884 ಈ ಕಥೆಯ ಮುಖ್ಯ ವರ್ಷ. ವಿಯೆನ್ನಾದಲ್ಲಿ, ಇನ್ನೂ ಹೆಸರು ಮಾಡದಿದ್ದ ಸಿಗ್ಮಂಡ್ ಫ್ರಾಯ್ಡ್ ಆ ವರ್ಷ ಕೋಕಾವನ್ನು ಕುರಿತು ಹೊಗಳಿಕೆಯ ಪ್ರಬಂಧವೊಂದನ್ನು ಪ್ರಕಟಿಸಿದ. ಮಾರ್ಫೀನ್ ಚಟಕ್ಕೆ ಕೊಕೇನ್ ಮದ್ದಾಗಬಲ್ಲದೆಂಬ ನಂಬಿಕೆ ಅವನಿಗಿತ್ತು. ಅವನ ಆಪ್ತಮಿತ್ರ ಎರ್ನ್‌ಸ್ಟ್ ಫಾನ್ ಫ್ಲೈಶ್ಲ್ ಶರೀರವಿಜ್ಞಾನಿ. ಕೈಬೆರಳಿನ ಗಾಯದಿಂದಾದ ತಾಳಲಾರದ ನೋವಿಗಾಗಿ ಮಾರ್ಫೀನ್ ತೆಗೆದುಕೊಳ್ಳುತ್ತ ಅದಕ್ಕೆ ದಾಸನಾಗಿದ್ದ. ಫ್ರಾಯ್ಡನ ಸಲಹೆಯಂತೆ ಅವನು ಕೊಕೇನ್ ಆರಂಭಿಸಿದ. ಕೊನೆಗೆ ಒಂದು ಚಟದ ಜಾಗದಲ್ಲಿ ಎರಡಾದವು. 1891ರಲ್ಲಿ, ಐವತ್ತು ತುಂಬುವ ಮೊದಲೇ, ಅವನು ತೀರಿಕೊಂಡ.

ಅದೇ 1884ರ ಸೆಪ್ಟೆಂಬರಿನಲ್ಲಿ, ಫ್ರಾಯ್ಡನ ಸಹೋದ್ಯೋಗಿ ಕಾರ್ಲ್ ಕೊಲ್ಲರ್ ಎಂಬ ನೇತ್ರವೈದ್ಯ ಕಂಡುಕೊಂಡ ಸಂಗತಿ ಹೈಡಲ್‌ಬರ್ಗಿನ ಸಮ್ಮೇಳನದಲ್ಲಿ ಪ್ರಕಟವಾಯಿತು. ಕೊಕೇನಿನ ದ್ರಾವಣವನ್ನು ಕಣ್ಣಿಗೆ ಹನಿಸಿದರೆ ಕಣ್ಣು ಮರಗಟ್ಟುತ್ತದೆ, ರೋಗಿ ಎಚ್ಚರವಾಗಿರುವಾಗಲೇ ನೋವಿಲ್ಲದೆ ಶಸ್ತ್ರಚಿಕಿತ್ಸೆ ಮಾಡಬಹುದು! ಸುದ್ದಿ ಕೆಲವೇ ವಾರಗಳಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿ ನ್ಯೂಯಾರ್ಕಿನ ವಿಲಿಯಂ ಸ್ಟೂವರ್ಟ್ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯನ ಕಿವಿಗೆ ಬಿತ್ತು.

ಹಾಲ್‌ಸ್ಟೆಡನಿಗೆ ಆಗ ಮೂವತ್ತೆರಡು ವರ್ಷ. ಚುರುಕಿನ ಕೈ, ಧೈರ್ಯದ ಬುದ್ಧಿ, ನಗರದಲ್ಲೆಲ್ಲ ಬೇಡಿಕೆ. ಕೊಕೇನನ್ನು ಚರ್ಮದ ಕೆಳಗಲ್ಲದೆ ನರದ ಬುಡಕ್ಕೇ ಚುಚ್ಚಿದರೆ ಆ ನರ ಹರಡಿರುವ ಭಾಗವೆಲ್ಲ ಮರಗಟ್ಟಬೇಕಲ್ಲವೇ ಎಂದು ಅವನು ಯೋಚಿಸಿದ. ರಿಚರ್ಡ್ ಹಾಲ್ ಮುಂತಾದ ಸಂಗಡಿಗರೊಡನೆ ಪ್ರಯೋಗಕ್ಕಿಳಿದ. ಪ್ರಯೋಗದ ಪ್ರಾಣಿಗಳು ಬೇರೆ ಯಾರೂ ಅಲ್ಲ, ಅವರೇ. ಒಬ್ಬರಿಗೊಬ್ಬರು ಚುಚ್ಚಿಕೊಂಡರು. ಯೋಚನೆ ಸರಿಯಾಗಿತ್ತು. ಇಂದು ಹಲ್ಲು ಕೀಳುವ ಮೊದಲು ವೈದ್ಯರು ಕೆಳದವಡೆಯ ನರಕ್ಕೆ ಕೊಡುವ ಚುಚ್ಚುಮದ್ದಿನ ಮೂಲ ಅಲ್ಲಿದೆ. ಔಷಧಿ ಮಾತ್ರ ಈಗ ಬೇರೆಯದು. ನಾವು ನೀವೆಲ್ಲ ಆ ತರುಣರಿಗೆ ಋಣಿಗಳು.

ಆದರೆ ವರ್ಷ ಕಳೆಯುವಷ್ಟರಲ್ಲಿ ಅವರೆಲ್ಲ ಚಟಕ್ಕೆ ಸಿಕ್ಕಿದ್ದರು. 1885ರಲ್ಲಿ ಹಾಲ್‌ಸ್ಟೆಡ್ ವೈದ್ಯಪತ್ರಿಕೆಯೊಂದಕ್ಕೆ ಬರೆದ ಲೇಖನ ಇಂದಿಗೂ ಲಭ್ಯವಿದೆ. ಅದರ ವಾಕ್ಯಗಳು ಎಲ್ಲಿಂದಲೋ ಹೊರಟು ಎಲ್ಲಿಯೂ ಮುಟ್ಟುವುದಿಲ್ಲ. ಮಹಾ ಮೇಧಾವಿಯ ಬುದ್ಧಿ ದಾರಿ ತಪ್ಪಿದ್ದಕ್ಕೆ ಅದೇ ಲಿಖಿತ ಸಾಕ್ಷಿ.

ಇಲ್ಲಿ ಕಥೆಯನ್ನು ಸ್ವಲ್ಪ ನಿಲ್ಲಿಸಿ, ಅವನ ಕಾಲಕ್ಕೆ ಗೊತ್ತಿಲ್ಲದೆ ನಮ್ಮ ಕಾಲಕ್ಕೆ ಗೊತ್ತಿರುವ ಒಂದು ವಿಷಯವನ್ನು ಹೇಳಬೇಕು. ದೇಹವು ಕೊಕೇನನ್ನು ಹೊರಹಾಕುವ ಬಗೆ ಅದು.

ಕೊಕೇನ್ ದೇಹದಲ್ಲಿ ಬಹುಕಾಲ ನಿಲ್ಲುವ ವಸ್ತುವಲ್ಲ. ರಕ್ತದಲ್ಲಿಯೂ ಯಕೃತ್ತಿನಲ್ಲಿಯೂ ಇರುವ ಎಸ್ಟರೇಸ್ ಎಂಬ ಕಿಣ್ವಗಳು ಅದನ್ನು ಕೂಡಲೇ ಸೀಳತೊಡಗುತ್ತವೆ. ಸುಮಾರು ಒಂದು ಗಂಟೆಗೆ ರಕ್ತದಲ್ಲಿರುವ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಲೆಕ್ಕ ಸುಲಭ: ನೂರು ಪಾಲು ಇದ್ದದ್ದು ಒಂದು ಗಂಟೆಗೆ ಐವತ್ತು, ಎರಡು ಗಂಟೆಗೆ ಇಪ್ಪತ್ತೈದು, ಐದು ಗಂಟೆ ಕಳೆದಾಗ ಮೂರು ಪಾಲು. ಹೀಗೆ ಸೀಳಿದಾಗ ಉಳಿಯುವ ಚೂರುಗಳಲ್ಲಿ ಬೆಂಜಾಯಿಲ್‌ಎಕ್ಗೊನೀನ್ ಎಂಬುದು ಮುಖ್ಯ. ಅದಕ್ಕೆ ಅಮಲೇರಿಸುವ ಶಕ್ತಿಯಿಲ್ಲ, ಆದರೆ ಹೊರಹೋಗುವುದು ನಿಧಾನ. ಮೂತ್ರಪಿಂಡಗಳು ಅದನ್ನು ಸೋಸಿ ಕಳುಹಿಸುತ್ತವೆ. ಪ್ರಯೋಗಾಲಯದವರು ಮೂತ್ರದಲ್ಲಿ ಹುಡುಕುವುದು ಈ ಚೂರನ್ನೇ. ಸಾಮಾನ್ಯವಾಗಿ ಎರಡರಿಂದ ನಾಲ್ಕು ದಿನ, ಬಹುಕಾಲ ಬಹಳ ಬಳಸಿದವರಲ್ಲಿ ವಾರಕ್ಕೂ ಮೀರಿ ಅದು ಕಾಣಿಸಬಹುದು. ಜೊತೆಯಲ್ಲಿ ಮದ್ಯ ಸೇವಿಸಿದ್ದರೆ ಯಕೃತ್ತು ಎರಡನ್ನೂ ಸೇರಿಸಿ ಕೋಕಾಎಥಿಲೀನ್ ಎಂಬ ಮೂರನೆಯದೊಂದನ್ನು ಮಾಡುತ್ತದೆ. ಅದು ಕೊಕೇನಿಗಿಂತ ಹೆಚ್ಚು ಹೊತ್ತು ಉಳಿದು ಹೃದಯಕ್ಕೆ ಹೆಚ್ಚಿನ ಅಪಾಯ ತರುತ್ತದೆ. ಹೆಚ್ಚು ನೀರು ಕುಡಿದು, ಕಷಾಯ ಕುಡಿದು, ಬೆವರು ಸುರಿಸಿ ಮೈ ಶುದ್ಧಿ ಮಾಡುತ್ತೇವೆನ್ನುವವರ ಮಾತಿಗೆ ಇಲ್ಲಿ ಕೆಲಸವಿಲ್ಲ. ದೇಹ ತನ್ನ ಪಾಡಿಗೆ ಆ ಕೆಲಸವನ್ನು ಮಾಡಿ ಮುಗಿಸುತ್ತದೆ.

ಹಾಗಾದರೆ ನನ್ನ ವಿದ್ಯಾರ್ಥಿ ಓದಿದ ವರದಿ ಸುಳ್ಳೇ? ಅಲ್ಲ. ಹಿಂದಿನ ಕೆಲವು ದಿನ ಹುಡುಗ ಸೇವಿಸಿಲ್ಲವೆಂದು ಅದು ನಿಜವಾಗಿಯೇ ಹೇಳಿತ್ತು. ಮುಂದಿನದನ್ನು ಅದು ಹೇಳಿರಲಿಲ್ಲ, ಹೇಳಲೂ ಆಗದು. ಇಂಗು ತೀರಿದ ಡಬ್ಬಿಯನ್ನು ಮಗುಚಿ ತೋರಿಸಿ ಇದರಲ್ಲಿ ಇಂಗಿಲ್ಲ ಎಂದರೆ ಮಾತು ಸರಿ. ಮುಚ್ಚಳ ತೆಗೆದ ನಮ್ಮ ಮೂಗಿಗೆ ಬೇರೆಯೇ ಗೊತ್ತು.

ಆ ವಾಸನೆ ಉಳಿಯುವ ಜಾಗ ಮಿದುಳು. ಊಟದ ತೃಪ್ತಿ, ಗೆಲುವಿನ ಸಂತೋಷ, ಬೇಕಾದವರ ಮುಖ ಕಂಡಾಗಿನ ಹಿಗ್ಗು, ಇವುಗಳೊಡನೆ ಡೋಪಮೀನ್ ಎಂಬ ರಾಸಾಯನಿಕ ನರಕೋಶಗಳ ನಡುವೆ ಸುರಿದು, ಕೆಲಸ ಮುಗಿದೊಡನೆ ಮರಳಿ ಒಳಕ್ಕೆ ಹೀರಲ್ಪಡುತ್ತದೆ. ಕೊಕೇನ್ ಆ ಮರಳುವ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಡೋಪಮೀನ್ ಹೊರಗೇ ತುಂಬಿಕೊಳ್ಳುತ್ತದೆ. ದಿನವೂ ಪ್ರವಾಹ ಬಂದರೆ ಮಿದುಳು ತನ್ನನ್ನು ಕಾಪಾಡಿಕೊಳ್ಳಲು ಅದನ್ನು ಗ್ರಹಿಸುವ ಗ್ರಾಹಕಗಳನ್ನು ತಗ್ಗಿಸಿಕೊಳ್ಳುತ್ತದೆ. ನೋರಾ ವೋಲ್ಕೊ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ವ್ಯಸನಿಗಳ ಮಿದುಳಿನ ಚಿತ್ರಗಳನ್ನು ತೆಗೆದು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೇವನೆ ನಿಲ್ಲಿಸಿ ಮೂರು ನಾಲ್ಕು ತಿಂಗಳಾದರೂ ಈ ಕೊರತೆ ಉಳಿದಿತ್ತು. ಬಿಟ್ಟವನಿಗೆ ಊಟ ಸಪ್ಪೆ, ಹಬ್ಬ ಸಪ್ಪೆ, ಹೆತ್ತವರ ಮಾತೂ ಸಪ್ಪೆ ಎನ್ನಿಸುವುದು ಸೊಕ್ಕಿನಿಂದಲ್ಲ.

ಈಗ ಹಾಲ್‌ಸ್ಟೆಡನಲ್ಲಿಗೆ ಮರಳೋಣ. 1886ರ ಆರಂಭದಲ್ಲಿ ಮಿತ್ರರು ಅವನನ್ನು ಸಮುದ್ರಯಾನಕ್ಕೆ ಹೊರಡಿಸಿದರು. ಊರು ಬಿಟ್ಟರೆ ಚಟ ಬಿಟ್ಟೀತೆಂಬ ಆಸೆ. ಆ ಹಡಗಿನಲ್ಲಿ ನಡೆದುದರ ಬಗೆಗೆ ನಾನಾ ಕಥೆಗಳಿವೆ. ಮರಳಿ ಬಂದವನು ಗುಣವಾಗಿರಲಿಲ್ಲ ಎಂಬುದು ಮಾತ್ರ ನಿಶ್ಚಿತ. ಅದೇ ವರ್ಷ ರೋಡ್ ಐಲೆಂಡಿನ ಪ್ರಾವಿಡೆನ್ಸ್ ನಗರದ ಬಟ್ಲರ್ ಆಸ್ಪತ್ರೆಗೆ ಸೇರಿದ. ಅದು ಮನೋರೋಗಿಗಳ ಆಸ್ಪತ್ರೆ. ತಿಂಗಳುಗಟ್ಟಲೆ ಅಲ್ಲಿದ್ದು ಹೊರಬಂದ. 1887ರಲ್ಲಿ ಮತ್ತೆ ಅದೇ ಆಸ್ಪತ್ರೆಯ ಬಾಗಿಲು ತಟ್ಟಬೇಕಾಯಿತು. ಈ ನಡುವೆ ಕೊಕೇನಿನ ಜಾಗಕ್ಕೆ ಮಾರ್ಫೀನ್ ಬಂದಿತ್ತು. ವಿಯೆನ್ನಾದಲ್ಲಿ ಮಾರ್ಫೀನನ್ನು ಕೊಕೇನಿನಿಂದ ಬಿಡಿಸಹೋದರು. ಅಮೆರಿಕದಲ್ಲಿ ಕೊಕೇನನ್ನು ಮಾರ್ಫೀನಿನಿಂದ. ವಿಷವನ್ನು ಮೈಯಿಂದ ಓಡಿಸಿದರೆ ಸಾಕು ಎಂಬ ತಿಳಿವಳಿಕೆ ಎರಡು ಕಡೆಯೂ ಒಂದೇ ಆಗಿತ್ತು.

ಆದರೂ ಹಾಲ್‌ಸ್ಟೆಡ್ ಮುಳುಗಲಿಲ್ಲ. ಅದಕ್ಕೆ ಕಾರಣ ವಿಲಿಯಂ ವೆಲ್ಚ್ ಎಂಬ ಮಿತ್ರ. ಆತ ಬಾಲ್ಟಿಮೋರಿನಲ್ಲಿ ಆಗಷ್ಟೇ ರೂಪುಗೊಳ್ಳುತ್ತಿದ್ದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ರೋಗವಿಜ್ಞಾನಿ. ಆಸ್ಪತ್ರೆ ಸೇರಿದವನೆಂದು ಹಿಂಜರಿಯದೆ ಹಾಲ್‌ಸ್ಟೆಡನನ್ನು ಅಲ್ಲಿಗೆ ಕರೆಸಿಕೊಂಡ. ಮೊದಲಿಗೆ ಪ್ರಯೋಗಾಲಯದಲ್ಲಿ ಕೆಲಸ ಕೊಟ್ಟ. 1889ರಲ್ಲಿ ಆಸ್ಪತ್ರೆ ತೆರೆಯಿತು. 1892ರಲ್ಲಿ ಹಾಲ್‌ಸ್ಟೆಡ್ ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕನಾದ. ಶಸ್ತ್ರಕೊಠಡಿಗೆ ರಬ್ಬರಿನ ಕೈಚೀಲ ಬಂದುದು ಅವನಿಂದ. ರಕ್ತ ಚೆಲ್ಲದಂತೆ, ಅಂಗಾಂಶಕ್ಕೆ ನೋವಾಗದಂತೆ ನಿಧಾನವಾಗಿ ಕತ್ತರಿಸಬೇಕೆಂಬ ಪಾಠ ಅವನದು. ಶಸ್ತ್ರವೈದ್ಯರಿಗೆ ವರ್ಷಾನುವರ್ಷ ಆಸ್ಪತ್ರೆಯಲ್ಲೇ ಇದ್ದು ಕಲಿಯುವ ತರಬೇತಿಯ ಕ್ರಮವನ್ನು ಅಮೆರಿಕದಲ್ಲಿ ನೆಲೆಗೊಳಿಸಿದವನೂ ಅವನೇ. 1922ರಲ್ಲಿ ತೀರಿಕೊಂಡಾಗ ಅವನಿಗೆ ಎಪ್ಪತ್ತರ ಹತ್ತಿರ.

ಮಾರ್ಫೀನ್ ಮಾತ್ರ ಅವನನ್ನು ಬಿಡಲಿಲ್ಲ. ಅವನ ಸಹೋದ್ಯೋಗಿ ವಿಲಿಯಂ ಆಸ್ಲರ್ ಗುಟ್ಟಾಗಿ ಬರೆದಿಟ್ಟ ಟಿಪ್ಪಣಿಗಳು 1969ರಲ್ಲಿ ಬೆಳಕಿಗೆ ಬಂದಾಗಲೇ ಜಗತ್ತಿಗೆ ಅದು ತಿಳಿದುದು. ಕೊಕೇನ್ ಕೂಡ ಆಗಾಗ ಮರುಕಳಿಸಿರಬೇಕೆಂದು ಕೆಲವು ಚರಿತ್ರಕಾರರ ಅಭಿಪ್ರಾಯ. 1886ರಿಂದ 1922ರವರೆಗೆ ಮೂವತ್ತಾರು ವರ್ಷ ಅವನು ಗೆಲ್ಲುತ್ತ ಸೋಲುತ್ತ ಬದುಕಿದ. ಹಾಲ್ ಮೊದಲಾದ ಸಂಗಡಿಗರಿಗೆ ಆ ಭಾಗ್ಯವಿರಲಿಲ್ಲ. ಅವರು ಚಟದಿಂದ ಹೊರಬರದೆಯೇ ಸತ್ತರೆಂದು ಹಾಲ್‌ಸ್ಟೆಡನೇ ಮುಪ್ಪಿನಲ್ಲಿ ಆಸ್ಲರ್‌ಗೆ ಬರೆದ ಪತ್ರದಲ್ಲಿ ನೊಂದುಕೊಂಡಿದ್ದಾನೆ.

ಅವನು ಬಟ್ಲರ್ ಆಸ್ಪತ್ರೆ ಸೇರಿದ ಸರಿಯಾಗಿ ನೂರು ವರ್ಷಕ್ಕೆ, 1986ರಲ್ಲಿ, ಗಾವಿನ್ ಮತ್ತು ಕ್ಲೆಬರ್ ಎಂಬ ವೈದ್ಯರು ಕೊಕೇನ್ ಬಿಟ್ಟವರ ಅನುಭವವನ್ನು ಹಂತಗಳಾಗಿ ವಿಂಗಡಿಸಿ ಬರೆದರು. ಮೊದಲ ಕೆಲವು ದಿನ ಕುಸಿತ: ಮಿತಿಯಿಲ್ಲದ ನಿದ್ದೆ, ಹಸಿವು, ಖಿನ್ನತೆ. ಅನಂತರ ವಾರಗಟ್ಟಲೆ ಬೇಸರ, ಬಯಕೆ. ಕೊನೆಯದು ತಿಂಗಳು ವರ್ಷಗಳ ಹಂತ. ಹಳೆಯ ಗೆಳೆಯ, ಹಳೆಯ ಬೀದಿ, ಕೈಗೆ ಬಂದ ಸಂಬಳ, ಯಾವುದಾದರೊಂದು ಕಂಡಾಗ ಬಯಕೆ ಧುತ್ತೆಂದು ಏಳುತ್ತದೆ. ಎಲ್ಲರಲ್ಲಿಯೂ ಇಷ್ಟು ಸ್ಪಷ್ಟ ಹಂತಗಳಿರುವುದಿಲ್ಲ, ಹಲವರಲ್ಲಿ ತೊಂದರೆ ಮೆಲ್ಲಮೆಲ್ಲನೆ ಇಳಿಯುತ್ತದೆ ಎಂದು ಮುಂದಿನ ಅಧ್ಯಯನಗಳು ತಿದ್ದಿದವು. ಆದರೆ ದೇಹ ಶುದ್ಧವಾದ ಮೇಲೆಯೇ ನಿಜವಾದ ಚಿಕಿತ್ಸೆ ಆರಂಭವಾಗುವುದೆಂಬ ಮಾತು ಉಳಿಯಿತು. ಮೊದಲ ದಿನಗಳ ಖಿನ್ನತೆಯಲ್ಲಿ ಪ್ರಾಣ ಕಳೆದುಕೊಳ್ಳುವ ಯೋಚನೆ ಬರುವುದುಂಟು. ಆಗ ಅವರನ್ನು ಒಂಟಿಯಾಗಿ ಬಿಡಬಾರದು, ವೈದ್ಯರಿಗೆ ತೋರಿಸಲು ತಡಮಾಡಬಾರದು.

ಕೊಕೇನ್ ಚಟವನ್ನು ಬಿಡಿಸಲೆಂದೇ ಮಾನ್ಯತೆ ಪಡೆದ ಮಾತ್ರೆ ಇಂದಿಗೂ ಇಲ್ಲ. ಫಲ ಕೊಟ್ಟಿರುವುದು ಆಪ್ತಸಮಾಲೋಚನೆ, ನಡೆನುಡಿಯ ತರಬೇತಿ. 1990ರ ದಶಕದ ಆರಂಭದಲ್ಲಿ ಅಮೆರಿಕದ ವರ್ಮಾಂಟಿನಲ್ಲಿ ಸ್ಟೀಫನ್ ಹಿಗಿನ್ಸ್ ಮತ್ತು ಸಂಗಡಿಗರು ಮೂತ್ರಪರೀಕ್ಷೆಯನ್ನೇ ಬೇರೆ ರೀತಿ ಬಳಸಿದರು. ವರದಿ ಶುದ್ಧವಾಗಿದ್ದ ಪ್ರತಿ ಸಲವೂ ಉಪಯುಕ್ತ ವಸ್ತು ಕೊಳ್ಳುವ ಚೀಟಿಯೊಂದನ್ನು ಬಹುಮಾನವಾಗಿ ಕೊಟ್ಟರು. ಇತರ ಚಿಕಿತ್ಸೆಗಿಂತ ಹೆಚ್ಚು ಜನ ಹೆಚ್ಚು ಕಾಲ ದೂರವುಳಿದರು. ಮೇಷ್ಟ್ರಾದ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ತಪ್ಪು ಹಿಡಿಯಲೆಂದು ನೋಡುವ ಉತ್ತರಪತ್ರಿಕೆಗೂ ಬೆನ್ನು ತಟ್ಟಲೆಂದು ನೋಡುವ ಉತ್ತರಪತ್ರಿಕೆಗೂ ಇರುವ ಅಂತರವನ್ನು ನನ್ನ ತರಗತಿಯಲ್ಲಿ ಎಷ್ಟೋ ಸಲ ಕಂಡಿದ್ದೇನೆ.

ನಮ್ಮಲ್ಲಿಯೂ ದಾರಿಗಳಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. 14446 ಎಂಬ ರಾಷ್ಟ್ರೀಯ ಉಚಿತ ಸಹಾಯವಾಣಿಯಿದೆ. ಪೊಲೀಸರ ಹೆದರಿಕೆಯಿಂದ ಮುಚ್ಚಿಡುವವರು ತಿಳಿಯಬೇಕಾದ ಇನ್ನೊಂದು ಮಾತು: 1985ರ ಮಾದಕವಸ್ತು ಕಾಯಿದೆಯ 64ಎ ಕಲಮಿನಂತೆ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿ ತಾನಾಗಿಯೇ ಮಾನ್ಯ ಕೇಂದ್ರದಲ್ಲಿ ಚಿಕಿತ್ಸೆಗೆ ಒಳಗಾಗಿ ಅದನ್ನು ಪೂರೈಸಿದರೆ ಮೊಕದ್ದಮೆಯಿಂದ ವಿನಾಯಿತಿ ಪಡೆಯುವ ಅವಕಾಶವಿದೆ.

ಆ ದಿನ ದೂರವಾಣಿಯಲ್ಲಿ ಇಷ್ಟನ್ನೂ ಹೇಳಲಾಗಲಿಲ್ಲ. "ಮೋಸ ಎನ್ನಬೇಡಪ್ಪಾ. ಮೈ ಶುದ್ಧವಾಗಲು ಮೂರು ನಾಲ್ಕು ದಿನ ಸಾಕು. ಮನಸ್ಸಿಗೆ ನೀನು ಕೊಟ್ಟದ್ದು ಎರಡೇ ತಿಂಗಳು. ಎರಡು ಸಲ ಬಿದ್ದವನನ್ನು ವೆಲ್ಚ್ ಕೈಬಿಟ್ಟಿದ್ದರೆ ಹಾಲ್‌ಸ್ಟೆಡನ ಹೆಸರು ಇಂದು ಯಾರಿಗೂ ಗೊತ್ತಿರುತ್ತಿರಲಿಲ್ಲ" ಎಂದೆ. ಅವನು ಬಹಳ ಹೊತ್ತು ಮಾತನಾಡಲಿಲ್ಲ.

ಈಗ ತಂದೆ ಮಗ ಇಬ್ಬರೂ ವಾರಕ್ಕೊಮ್ಮೆ ಒಟ್ಟಿಗೆ ಚಿಕಿತ್ಸೆಗೆ ಹೋಗುತ್ತಾರೆ. ಗುಣವಾಗಿದೆಯೇ ಎಂದು ನಾನು ಕೇಳುವುದಿಲ್ಲ. ಈ ವಾರ ಹೋಗಿದ್ದಿರಾ ಎಂದು ಮಾತ್ರ ಕೇಳುತ್ತೇನೆ. ಹೋಗಿದ್ದೆವು ಸಾರ್ ಎನ್ನುತ್ತಾನೆ.