ಅಪ್ಪನ ಮುಂದೆ ಆಡಲಾಗದ ಪದ

"ಮದುವೆ ಬೇಡ ಅಂದ್ರೆ ಏನೋ ಅರ್ಥ?" ಅಂತ ಅಪ್ಪ ಕೇಳ್ತಾರೆ. ಮಗ ತಲೆ ತಗ್ಗಿಸಿ ತಟ್ಟೆ ನೋಡ್ತಾನೆ. ಜಯನಗರ, ಬನಶಂಕರಿ ಕಡೆಯ ಎಷ್ಟು ಮನೆಗಳಲ್ಲಿ ಹೀಗೆ ಆಗಿದೆಯೋ! ಮಗ ಹೇಳೋದಾದ್ರೂ ಯಾವ ಪದದಲ್ಲಿ? ಪತ್ರಿಕೆಗಳು ಕಲಿಸಿದ ಪದ 'ಸಲಿಂಗಕಾಮ'. ಅದರಲ್ಲಿ ಕಾಮ ಇದೆ, ಪ್ರೀತಿ ಇಲ್ಲ. ನಮ್ಮ ಮನೆಗಳಲ್ಲಿ ಅಪ್ಪನೆದುರು ಆ ಪದ ಎತ್ತೋಕಾಗುತ್ತಾ?

"ಇದೆಲ್ಲ ಫಾರಿನ್ ಚಾಳಿ" ಅನ್ನೋದು ಅಪ್ಪಂದಿರ ಮಾಮೂಲಿ ಮಾತು. ನಿಜವಾಗಿ ಫಾರಿನ್ನಿಂದ ಬಂದದ್ದು ಕಾನೂನು. ಬ್ರಿಟಿಷರ 1860ರ ದಂಡಸಂಹಿತೆಯ 377ನೇ ಕಲಮಿನಲ್ಲಿ ಜೀವಾವಧಿ ಶಿಕ್ಷೆಗೂ ಅವಕಾಶವಿತ್ತು. ಅಪ್ಪನ ಸಿಟ್ಟಿನ ಅಡಿಯಲ್ಲಿ ಆ ಭಯವೂ ಇತ್ತು ಅಂತ ಮಗನೂ ತಿಳಿಯಬೇಕು.

ಗಣಿತದಿಂದ ಹೆಸರಾದ ನಮ್ಮ ಬೆಂಗಳೂರಿನ ಶಕುಂತಲಾ ದೇವಿ 1977ರಲ್ಲೇ ಸಲಿಂಗಿಗಳ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದಿದ್ದರು. ಅದರಲ್ಲಿ ಶ್ರೀರಂಗದ ಅರ್ಚಕರೊಬ್ಬರ ಸಂದರ್ಶನವಿದೆ. ಇಂಥ ಪ್ರೀತಿಯನ್ನು ಅವರು ವಿವರಿಸಿದ್ದು ಪೂರ್ವಜನ್ಮದ ನಂಟು ಅಂತ. ನೋಡಿ, ಸಂಪ್ರದಾಯಸ್ಥರೊಬ್ಬರಿಗೆ ತಮ್ಮದೇ ನಂಬಿಕೆಯೊಳಗೆ ಇದಕ್ಕೊಂದು ಜಾಗ ಸಿಕ್ಕಿತ್ತು!

1994ರಲ್ಲಿ ಬೆಂಗಳೂರಿನಲ್ಲಿ 'ಗುಡ್ ಆಸ್ ಯೂ' ಬಳಗ ಶುರುವಾಯಿತು. 2008ರ ಜೂನಿನಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಿಂದ ಟೌನ್‌ಹಾಲ್‌ವರೆಗೆ ಊರಿನ ಮೊದಲ ಪ್ರೈಡ್ ಮೆರವಣಿಗೆ ನಡೆಯಿತು. ಕೆಲವರು ಮುಖವಾಡ ಹಾಕಿಕೊಂಡಿದ್ದರು. ಪೊಲೀಸರಿಗಿಂತ ಹೆಚ್ಚಾಗಿ ಮನೆಯವರಿಗೆ ಹೆದರಿ ಇರಬೇಕು ಅಂತ ನನ್ನ ಊಹೆ.

2009ರಲ್ಲಿ ದೆಹಲಿ ಹೈಕೋರ್ಟ್ ಆ ಕಲಮನ್ನು ಸಡಿಲಿಸಿತು. ಅದರ ವಿರುದ್ಧ ಕೆಲವರು ಸುಪ್ರೀಂ ಕೋರ್ಟಿಗೆ ಹೋದರು. ಆಗ ದೇಶದ ಬೇರೆಬೇರೆ ಕಡೆಯ 19 ಮಂದಿ ತಂದೆತಾಯಂದಿರು, ಈ ಕಾನೂನು ನಮ್ಮ ಸಂಸಾರಗಳನ್ನೂ ನೋಯಿಸುತ್ತದೆ ಅಂತ ಮಕ್ಕಳ ಪರ ನಿಂತರು. ಅವರಿಗಾಗಿ ವಾದಿಸಿದ್ದು ಫಾಲಿ ನಾರಿಮನ್. ಆದರೂ 2013ರ ಡಿಸೆಂಬರಿನಲ್ಲಿ ಸೋಲಾಯಿತು. ಅದೇ ವರ್ಷ ವಸುಧೇಂದ್ರರ 'ಮೋಹನಸ್ವಾಮಿ' ಕಥಾಸಂಕಲನ ಬಂತು. ಕೋರ್ಟು ಇಲ್ಲ ಅಂದಿತು, ಕನ್ನಡ ಹೂಂ ಅಂದಿತು. ಗೇ ಮನುಷ್ಯನೊಬ್ಬನ ಆಸೆ, ಅವಮಾನ, ಒಂಟಿತನ ಎಲ್ಲವೂ ಅಪ್ಪ ಓದಬಲ್ಲ ಭಾಷೆಯಲ್ಲೇ ಸಿಕ್ಕವು.

2018ರ ಸೆಪ್ಟೆಂಬರ್ 6ಕ್ಕೆ ಇದು ಅಪರಾಧ ಅಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿತು. ಮದುವೆಯ ಹಕ್ಕನ್ನು ಮಾತ್ರ 2023ರಲ್ಲಿ ಕೊಡಲಿಲ್ಲ. ಹಾಗಾಗಿ "ಮುಂದೆ ನಿನ್ನನ್ನ ಯಾರೋ ನೋಡ್ಕೋತಾರೆ?" ಅನ್ನೋ ಅಪ್ಪನ ಪ್ರಶ್ನೆ ಹಾಗೇ ಉಳಿದಿದೆ. ಅದು ಬೈಗುಳ ಅಲ್ಲ, ಕಾಳಜಿ. ಅಪ್ಪ-ಮಗ ಮಾತು ಶುರುಮಾಡೋಕೆ ಅದೇ ಒಳ್ಳೇ ಜಾಗ ಅನ್ಸುತ್ತೆ.

ಈಗೀಗ 'ಸಲಿಂಗಪ್ರೇಮ' ಅಂತಲೂ ಬರೀತಾರೆ. ಊಟದ ಹೊತ್ತಲ್ಲಿ ಅಪ್ಪನೆದುರು ಆಡಬಹುದಾದ ಪದ ನಿಮಗೆ ಇನ್ಯಾವುದಾದ್ರೂ ಗೊತ್ತಾ? ಗೊತ್ತಿದ್ರೆ ಹೇಳಿ.