ಖಡಕಿ ಯುದ್ಧದ ತರುವಾಯ: ಅಧಿಕಾರಿಯ ನಿರ್ಧಾರ ಮತ್ತು ನ್ಯಾಯಾಲಯದ ಎಲ್ಲೆ

ಸರ್ಕಾರಿ ಅಧಿಕಾರಿಯು ಕೈಗೊಂಡ ನಿರ್ಧಾರವನ್ನು ನ್ಯಾಯಾಲಯವು ಎಲ್ಲಿಯವರೆಗೆ ಪರಿಶೀಲಿಸಬಹುದು ಎಂಬ ಪ್ರಶ್ನೆಯನ್ನು 1950ರ ಸಂವಿಧಾನದಿಂದ ಆರಂಭಿಸಿ ಚರ್ಚಿಸುವುದು ರೂಢಿಯಾಗಿದೆ. ಆದರೆ ಪಶ್ಚಿಮ ದಖ್ಖನಿನಲ್ಲಿ ಈ ಪ್ರಶ್ನೆಯು ಅದಕ್ಕೂ ಒಂದು ಶತಮಾನಕ್ಕಿಂತ ಹಿಂದೆಯೇ ಎದ್ದಿತ್ತು. ಅದರ ಮೂಲ ಪುಣೆಯ ಸಮೀಪದ ಖಡಕಿಯ ರಣಭೂಮಿಯಲ್ಲಿದೆ. ಅದರ ಪರಿಣಾಮವು ಧಾರವಾಡ ಸೀಮೆಯ ಕನ್ನಡ ಪ್ರದೇಶದವರೆಗೂ ಚಾಚಿಕೊಂಡಿದೆ. ಈ ಸಂಬಂಧವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಂಗ್ಲಿಷ್ ದಾಖಲೆಗಳಲ್ಲಿ ‘ಕಿರ್ಕೀ’ ಎಂದು ಕಾಣಿಸಿಕೊಳ್ಳುವ ಖಡಕಿಯಲ್ಲಿ 1817ರ ನವೆಂಬರ್ 5ರಂದು ಎರಡನೆಯ ಬಾಜೀರಾಯ ಪೇಶ್ವೆಯ ಸೈನ್ಯಕ್ಕೂ ಕಂಪನಿಯ ಸೈನ್ಯಕ್ಕೂ ಯುದ್ಧವಾಯಿತು. ಅದೇ ತಿಂಗಳ 17ರಂದು ಪುಣೆ ಕಂಪನಿಯ ವಶವಾಯಿತು. ಪೇಶ್ವೆಯ ದರ್ಬಾರಿನಲ್ಲಿ ರೆಸಿಡೆಂಟನಾಗಿದ್ದ ಮೌಂಟ್‌ಸ್ಟುಅರ್ಟ್ ಎಲ್ಫಿನ್‌ಸ್ಟನ್ ಗೆದ್ದ ಪ್ರದೇಶಗಳ ಕಮಿಷನರನಾದನು. ಪೇಶ್ವೆ ಶರಣಾಗತನಾದದ್ದು 1818ರ ಜೂನ್‌ನಲ್ಲಿ. ಪುಣೆ ಕೈವಶವಾಗಿ ಆಡಳಿತ ಆರಂಭವಾಗಿದ್ದರೂ ಯುದ್ಧವು ಪೂರ್ಣವಾಗಿ ಮುಗಿದಿರದ ಈ ನಡುಗಾಲವೇ ಮುಂದಿನ ವಿವಾದದ ತಿರುಳು.

ಪೇಶ್ವೆಯ ಖಜಾಂಚಿಯೂ ರಾಯಗಡದ ಕಿಲ್ಲೇದಾರನೂ ಆಗಿದ್ದ ನಾರೋಬಾ ಎಂಬಾತನು 1818ರ ಮೇ ತಿಂಗಳಲ್ಲಿ ಕೋಟೆಯನ್ನು ಒಪ್ಪಿಸಿದ ತರುವಾಯ ಪುಣೆಗೆ ಬಂದನು. ಅಲ್ಲಿ ಕ್ಯಾಪ್ಟನ್ ರಾಬರ್ಟ್‌ಸನ್ ಅವನ ವಶದಲ್ಲಿದ್ದ ದ್ರವ್ಯವನ್ನು ಜಪ್ತಿ ಮಾಡಿದನು. ಇದು ಪೇಶ್ವೆಯ ಸರ್ಕಾರಿ ಹಣವೆಂಬುದು ಅಧಿಕಾರಿಗಳ ನಿಲುವಾಗಿತ್ತು; ಖಾಸಗಿ ಸ್ವತ್ತೆಂಬುದು ಎದುರು ಪಕ್ಷದ ವಾದವಾಗಿತ್ತು. ಅವನ ಮರಣಾನಂತರ ಆಸ್ತಿಯ ಹೊಣೆ ಹೊತ್ತವರು ಎಲ್ಫಿನ್‌ಸ್ಟನ್ ಮತ್ತು ರಾಬರ್ಟ್‌ಸನ್‌ರ ಮೇಲೆ ಮುಂಬಯಿಯ ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿ ಗೆದ್ದರು. ವಿಜೇತ ಅಧಿಕಾರಿಯನ್ನೇ ಪ್ರತಿವಾದಿಯನ್ನಾಗಿ ನಿಲ್ಲಿಸಿದ ಈ ತೀರ್ಪು ಅಸಾಮಾನ್ಯವಾದದ್ದು. ಆದರೆ 1830ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಅದನ್ನು ರದ್ದುಪಡಿಸಿತು. ಕಾಲ, ಸ್ಥಳ ಮತ್ತು ವ್ಯಕ್ತಿ ಈ ಮೂರನ್ನೂ ಗಮನಿಸಿದರೆ ಇದು ಇನ್ನೂ ನಿಲ್ಲದ ಯುದ್ಧದ ಕಾಲದಲ್ಲಿ ನಡೆದ ಜಪ್ತಿ. ಇದನ್ನು ವಿಚಾರಿಸುವ ಅಧಿಕಾರ ನಾಗರಿಕ ನ್ಯಾಯಾಲಯಕ್ಕಿಲ್ಲ. ತಪ್ಪು ನಡೆದಿದ್ದರೆ ಪರಿಹಾರವನ್ನು ಸರ್ಕಾರದಲ್ಲಿಯೇ ಬೇಡಬೇಕು ಎಂಬುದು ಅದರ ಅಭಿಪ್ರಾಯ. ಜಪ್ತಿ ನ್ಯಾಯವಾದದ್ದೆಂದು ಪ್ರಿವಿ ಕೌನ್ಸಿಲ್ ಹೇಳಲಿಲ್ಲ; ಅದನ್ನು ವಿಚಾರಿಸುವ ಬಾಗಿಲನ್ನಷ್ಟೇ ಮುಚ್ಚಿತು ಎಂಬುದು ಗಮನಾರ್ಹ.

ಇದೇ ಅವಧಿಯ ಇನ್ನೊಂದು ಪ್ರಕರಣವನ್ನೂ ಜೊತೆಗಿಟ್ಟು ನೋಡಬೇಕಾಗುತ್ತದೆ. ಪುಣೆಯಲ್ಲಿ ಬಂಧುವಿನ ವಶದಲ್ಲಿದ್ದ ಮೋರೋ ರಘುನಾಥನೆಂಬ ಬಾಲಕನನ್ನು ಹಾಜರುಪಡಿಸುವಂತೆ 1828ರಲ್ಲಿ ಮುಂಬಯಿಯ ಸುಪ್ರೀಂ ಕೋರ್ಟು ಹೇಬಿಯಸ್ ಕಾರ್ಪಸ್ ಆಜ್ಞೆಯನ್ನು ಹೊರಡಿಸಿತು. ಗವರ್ನರ್ ಜಾನ್ ಮಾಲ್ಕಮ್ ಅದರ ಜಾರಿಗೆ ಒಪ್ಪಲಿಲ್ಲ. ಇಬ್ಬರು ಸಹನ್ಯಾಯಾಧೀಶರು ತೀರಿಕೊಂಡು ಒಬ್ಬಂಟಿಯಾಗಿ ಉಳಿದಿದ್ದ ಸರ್ ಜಾನ್ ಪೀಟರ್ ಗ್ರಾಂಟ್, 1829ರ ಏಪ್ರಿಲ್‌ನಲ್ಲಿ ನ್ಯಾಯಾಲಯದ ಕಲಾಪವನ್ನೇ ನಿಲ್ಲಿಸಿದನು. ಪ್ರಿವಿ ಕೌನ್ಸಿಲ್ ಇಲ್ಲಿಯೂ ಸರ್ಕಾರದ ಪಕ್ಷವನ್ನೇ ಎತ್ತಿಹಿಡಿದು, ಮುಂಬಯಿಯ ಎಲ್ಲೆಯ ಹೊರಗಿನ ದೇಶೀಯರ ವಿಷಯದಲ್ಲಿ ಆ ನ್ಯಾಯಾಲಯಕ್ಕೆ ಇಂಥ ಅಧಿಕಾರವಿಲ್ಲವೆಂದಿತು. ಹೀಗೆ ಒಂದು ತೀರ್ಪು ಕಾಲದ ಎಲ್ಲೆಯನ್ನೂ ಇನ್ನೊಂದು ಸ್ಥಳದ ಎಲ್ಲೆಯನ್ನೂ ಹಾಕಿತು.

ಈ ಎಲ್ಲೆಗಳ ಹೊರಗೆ ಉಳಿದವರ ಸ್ಥಿತಿ ಏನಾಗಿತ್ತು? ಇದಕ್ಕೆ ಕಿತ್ತೂರಿನ ಇತಿಹಾಸವೇ ಉತ್ತರ. ಪೇಶ್ವೆಯ ಪತನದೊಡನೆ ಧಾರವಾಡ ಸೀಮೆಯೂ ಪುಣೆಯ ಕಮಿಷನರನ ಅಧೀನಕ್ಕೆ ಬಂದಿತ್ತು. 1824ರಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡಾಗ ಧಾರವಾಡದ ಕಲೆಕ್ಟರ್ ಥ್ಯಾಕರೆ ದತ್ತಕವನ್ನು ಮನ್ನಿಸದೆ ಖಜಾನೆಗೆ ಮುದ್ರೆ ಹಾಕಿಸಿದನು. ದತ್ತಕದ ಸಿಂಧುತ್ವವು ನ್ಯಾಯಾಲಯವು ನಿರ್ಣಯಿಸಬಹುದಾದ ಪ್ರಶ್ನೆಯೇ ಆಗಿತ್ತು. ಆದರೆ ರಾಣಿ ಚೆನ್ನಮ್ಮನಿಗೆ ಕಲೆಕ್ಟರನ ಮೇಲೆ ಇದ್ದ ದಾರಿ ಎರಡೇ: ಪುಣೆಯಲ್ಲಿ ಕಮಿಷನರ್ ಚಾಪ್ಲಿನ್, ಮುಂಬಯಿಯಲ್ಲಿ ಗವರ್ನರ್ ಎಲ್ಫಿನ್‌ಸ್ಟನ್. ಚಾಪ್ಲಿನ್ ಹಿಂದೆ ಧಾರವಾಡದಲ್ಲಿಯೇ ಕಲೆಕ್ಟರನಾಗಿದ್ದವನು. ಆಡಳಿತದ ತಪ್ಪನ್ನು ಆಡಳಿತವೇ ತೂಗಬೇಕಾಗಿತ್ತು. ವಿವಾದವು ಅಕ್ಟೋಬರ್ 23ರಂದು ರಣರಂಗದಲ್ಲಿ ಇತ್ಯರ್ಥಕ್ಕೆ ನಿಂತಿತು, ಥ್ಯಾಕರೆ ಹತನಾದನು. ಡಿಸೆಂಬರಿನಲ್ಲಿ ಕಿತ್ತೂರು ಬಿದ್ದಿತು. ಗ್ರಾಂಟ್ ನ್ಯಾಯಾಲಯವನ್ನು ಮುಚ್ಚಿದ 1829ರಲ್ಲಿಯೇ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ನಿಧನಳಾದಳು. ನ್ಯಾಯಾಲಯವಿದ್ದಿದ್ದರೆ ಕಿತ್ತೂರು ಉಳಿಯುತ್ತಿತ್ತೆಂದು ನಾವು ಹೇಳುತ್ತಿಲ್ಲ. ಬಂಡಾಯವನ್ನು ಕೇವಲ ಶೌರ್ಯದ ಕಥನವಾಗಿ ಓದುವಾಗ, ಅಹವಾಲಿಗೆ ಸ್ಥಾನವಿಲ್ಲದಿದ್ದ ಈ ವ್ಯವಸ್ಥೆ ಮರೆಯಾಗುತ್ತದೆ ಎಂಬುದಷ್ಟೇ ನಮ್ಮ ಆಶಯ.

ಖಡಕಿಯ ನಂತರ ಗೆರೆ ಎಳೆದ ಈ ತತ್ತ್ವವು ದೀರ್ಘಕಾಲ ಬಾಳಿತು. 1859ರಲ್ಲಿ ತಂಜಾವೂರಿನ ರಾಜನ ವಿಧವೆಯು ಮದರಾಸಿನಲ್ಲಿ ಗೆದ್ದಿದ್ದ ದಾವೆಯನ್ನು ಪ್ರಿವಿ ಕೌನ್ಸಿಲ್ ‘ರಾಜ್ಯಕೃತ್ಯ’ವೆಂಬ ಆಧಾರದ ಮೇಲೆ ತಳ್ಳಿಹಾಕಿತು. ಹೇಬಿಯಸ್ ಕಾರ್ಪಸ್ ಸ್ವರೂಪದ ಪರಿಹಾರವು ಹೈಕೋರ್ಟುಗಳ ಮೇಲ್ಮನವಿ ವ್ಯಾಪ್ತಿಯ ಪ್ರದೇಶಕ್ಕೆಲ್ಲ ವಿಸ್ತರಿಸಿದ್ದು 1923ರ ತಿದ್ದುಪಡಿಯಿಂದ. ಸಂವಿಧಾನದ 226ನೆಯ ಅನುಚ್ಛೇದವು ಅಧಿಕಾರಿಯ ನಿರ್ಧಾರವನ್ನು ಪರಿಶೀಲಿಸುವ ರಿಟ್ ಅಧಿಕಾರವನ್ನು ಪ್ರತಿಯೊಂದು ಹೈಕೋರ್ಟಿಗೂ ನೀಡಿತು. ಆದಾಗ್ಯೂ, ಹಳೆಯ ಸಂಸ್ಥಾನಗಳೊಡನೆ ಆದ ಒಪ್ಪಂದಗಳ ವಿವಾದಗಳನ್ನು ನ್ಯಾಯಾಲಯದಿಂದ ದೂರವಿಡುವ 363ನೆಯ ಅನುಚ್ಛೇದವೂ ಅದೇ ಗ್ರಂಥದಲ್ಲಿದೆ ಎಂಬುದನ್ನು ಮರೆಯುವಂತಿಲ್ಲ.

ಇಂದು ಧಾರವಾಡದಲ್ಲಿಯೇ ಕರ್ನಾಟಕ ಹೈಕೋರ್ಟಿನ ಪೀಠವಿದೆ. ಕಿತ್ತೂರು ಸೀಮೆಯ ರೈತನೊಬ್ಬನು ಜಿಲ್ಲಾಧಿಕಾರಿಯ ಆದೇಶವನ್ನು ಅಲ್ಲಿ ಪ್ರಶ್ನಿಸಬಲ್ಲನು. ಈ ಸಾಮಾನ್ಯ ಸಂಗತಿಯ ಹಿಂದೆ ಎಷ್ಟು ದೂರದ ಹಾದಿಯಿದೆ ಎಂಬುದನ್ನು ಅರಿಯಲು ಖಡಕಿಯನ್ನೂ ಕಿತ್ತೂರನ್ನೂ ಒಟ್ಟಿಗೆ ಓದಬೇಕಾಗಿದೆ. ಮರಾಠಿ ಮತ್ತು ಕನ್ನಡ ಆಕರಗಳನ್ನು ಪ್ರತ್ಯೇಕವಾಗಿ ಬಳಸುವ ಇಂದಿನ ಅಧ್ಯಯನಕ್ರಮವು ಈ ದಿಸೆಯಲ್ಲಿ ಬದಲಾಗುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.